ಇಬ್ಬರು ಅಜ್ಜಿಯರ ದೇವಕಣಗಿಲೆ

ಎವರ್‌ಗ್ರೀನ್ ಬಡಾವಣೆಯ ನಮ್ಮ ಬೀದಿಯಲ್ಲಿ ನೆರೆಯವರು ಬೆಲ್ಲು ಒತ್ತದೆ ಸೀದಾ ಹಿತ್ತಲಿಗೇ ಬಂದುಬಿಡುತ್ತಿದ್ದ ದಿನಗಳವು. ಮೈಸೂರಿನಿಂದ ಬಂದು ನಮ್ಮೊಂದಿಗೇ ನೆಲೆಸಿದ್ದ ಅಜ್ಜಿಗೆ ಇಲ್ಲಿನ ಯಾವುದೂ ಹಿಡಿಸುತ್ತಿರಲಿಲ್ಲ, ನರ್ಸರಿಯಿಂದ ತಂದ ದೇವಕಣಗಿಲೆ ಗಿಡವೊಂದನ್ನು ಬಿಟ್ಟು.

"ಈ ದೇಶದಲ್ಲಿ ನಮ್ಮದು ಅಂತ ಇರೋದು ಇದೊಂದೇ ಕಣೇ," ಅನ್ನುತ್ತಿದ್ದಳು.

ಚಳಿಗಾಲಕ್ಕೆ ಎಲೆಯೆಲ್ಲ ಉದುರಿ ಬೋಳು ಕಡ್ಡಿ ಉಳಿಯಿತು. "ಇಟ್ಸ್ ಡೆಡ್, ಅಜ್ಜಿ," ಅಂದೆ. ಅವಳು ಕೇಳಬೇಕಲ್ಲ! ದಿನಾ ದೇವರ ಅಭಿಷೇಕದ ನೀರನ್ನು ಹಾಲು, ಸಕ್ಕರೆ ಸಮೇತ ಅದರ ಬುಡಕ್ಕೆ ಸುರಿದಳು. ಆ ನೀರನ್ನು ಯಾರೂ ತುಳಿಯಬಾರದು, ಗಿಡಕ್ಕೇ ಹಾಕಬೇಕು ಎನ್ನುವುದು ನಮ್ಮ ಮನೆಯ ಪದ್ಧತಿ. ಕಡ್ಡಿಯ ಬುಡ ಮೆತ್ತಗಾಗಿ ಹುಳಿವಾಸನೆ ಹೊಡೆಯತೊಡಗಿತು. ಅಜ್ಜಿಗೆ ಊಟ ಸೇರದಾಯಿತು.

ಪಕ್ಕದ ಮನೆಯಲ್ಲಿ ಲೂಪೆ ಎಂಬ ಮೆಕ್ಸಿಕೋದ ಅಜ್ಜಿಯಿದ್ದಳು. ಒಂದು ಬೆಳಿಗ್ಗೆ ಅವಳು ದಡದಡನೆ ಬಂದು ಅಜ್ಜಿಯ ಕೈಯ ಚೊಂಬನ್ನು ಕಿತ್ತುಕೊಂಡಳು. ಚಾಕು ತಂದು ಕೊಳೆತ ಬುಡವನ್ನು ಕತ್ತರಿಸಿ ಎಸೆದಳು. ಅಜ್ಜಿ ಅಳುವುದೊಂದು ಬಾಕಿ. ಸ್ಕೂಲಿನಲ್ಲಿ ಕಲಿತ ಅರೆಬರೆ ಸ್ಪ್ಯಾನಿಷ್‌ನಲ್ಲಿ ನಾನೇ ದುಭಾಷಿಯಾದೆ.

"ಚಳೀಲಿ ಇದು ನಿದ್ದೆ ಮಾಡುತ್ತಂತೆ ಅಜ್ಜಿ, ನೀರು ಬೇಡ್ವಂತೆ."

"ನಮ್ಮ ಹೂವಿನ ವಿಷಯ ಇವಳಿಗೇನು ಗೊತ್ತು?"

ನಾನದನ್ನು ಸ್ಪ್ಯಾನಿಷ್‌ನಲ್ಲಿ ಹೇಳಿದಾಗ ಲೂಪೆ ನಕ್ಕಳು. ಅವಳೂರಿನ ಗುಡ್ಡಗಳಲ್ಲಿ ಇದು ತಾನಾಗಿಯೇ ಬೆಳೆಯುತ್ತದಂತೆ. ಹಬ್ಬಕ್ಕೆ ಹೂವು ಪೋಣಿಸಿ ಚರ್ಚಿಗೆ ಒಯ್ಯುತ್ತಾರಂತೆ. ಸಂಜೆ ಅಪ್ಪನೂ ಹೌದೆಂದ. ಶತಮಾನಗಳ ಹಿಂದೆ ಅದು ಆ ಕಡೆಯಿಂದಲೇ ಹಡಗು ಹತ್ತಿ ನಮ್ಮ ದೇಶಕ್ಕೆ ಬಂದದ್ದಂತೆ.

"ಹಾಗಾದ್ರೆ ನಮ್ಮ ದೇವಸ್ಥಾನದ ಮುಂದಿರೋ ಅಷ್ಟು ದೊಡ್ಡ ಮರ?"

"ಅದರ ಮೂಲಾನೂ ಲೂಪೆಯ ಊರಿನ ಕಡೇನೇ ಅಮ್ಮ."

ಅಷ್ಟು ದೊಡ್ಡ ಸಮುದ್ರವನ್ನು ಒಂದು ಕಡ್ಡಿ ದಾಟಿತೆಂದು ನೆನೆದು ನನಗೆ ಮೈ ಜುಮ್ಮೆಂದಿತು.

ಉಳಿದ ತುದಿಯನ್ನು ಲೂಪೆ ಗರಾಜಿನಲ್ಲಿ ಒಣಗಿಸಿಟ್ಟು, ಬಿಸಿಲು ಬಂದ ಮೇಲೆ ನಮ್ಮ ಹಿತ್ತಲಲ್ಲೇ ಮರಳಿನಲ್ಲಿ ನೆಟ್ಟಳು. ಬೇಸಿಗೆಯ ಕೊನೆಗೆ ಅದರಲ್ಲಿ ಹೂವು ಬಿಟ್ಟಿತು. ಇಡೀ ಹಿತ್ತಲು ಘಮ್ಮೆಂದಿತು. ಅಜ್ಜಿ ಮೊದಲ ಹೂವು ಕಿತ್ತು ಪಕ್ಕದ ಮನೆಯತ್ತ ಹೊರಟಳು.

"ದೇವರಿಗೆ ಇಡಲ್ವಾ ಅಜ್ಜಿ?"

"ಮೊದಲು ಹೂವಿನ ತವರಿನೋರಿಗೆ ಕಣೇ. ದೇವರು ಕಾಯ್ತಾನೆ," ಎಂದವಳು ಅದನ್ನು ಲೂಪೆಯ ಬಿಳಿಯ ಜಡೆಗೆ ಮುಡಿಸಿದಳು.

ಈಗ ಇಬ್ಬರೂ ಇಲ್ಲ. ಯಾವ ಗಿಡ ಎಲ್ಲಿಯದೆಂದು ಫೋನೇ ಹೇಳುತ್ತದೆ. ಲೂಪೆಯ ಮನೆ ಮಾರಾಟವಾಗಿ ಎಷ್ಟೋ ವರ್ಷವಾಯಿತು. ಅಲ್ಲಿರುವವರ ಹೆಸರು ನನಗೆ ಗೊತ್ತಿಲ್ಲ. ಅಜ್ಜಿಯ ಗಿಡದಲ್ಲಿ ಈ ಬೇಸಿಗೆಯಲ್ಲೂ ಮೊದಲ ಹೂವು ಬಿಟ್ಟಿತು. ಕಿತ್ತು ಕೈಯಲ್ಲಿ ಹಿಡಿದು ಗೇಟಿನವರೆಗೆ ಹೋದೆ. ಯಾರಿಗೆ ಕೊಡುವುದೆಂದು ತೋಚದೆ ವಾಪಸು ಬಂದು ದೇವರಿಗೇ ಇಟ್ಟೆ.