ವಸುಂಧರಾ ಮೇಡಮಿಗೆ ಕಾಣೆ ಇಲ್ಲ

ಇವತ್ತು ಮಾಡಿದ ಕೆಲಸ: ನಮ್ಮ ಮನೆಯವರು ಬಂದರಿನ ದಕ್ಕೆಯಿಂದ ತಂದ ಮೀನನ್ನು ಆರಿಸಿ ಐಸಿಗೆ ಹಾಕಿದ್ದು. ಯಾವ ಮೀನು ಬಂದಿದೆ ಎಂದು ಗಿರಾಕಿಗಳಿಗೆ ವಾಟ್ಸಾಪಿನಲ್ಲಿ ತಿಳಿಸಿದ್ದು. ಮಗಳ ಬುತ್ತಿಗೆ ನೀರುದೋಸೆ ಹೊಯ್ದದ್ದು. ಕತ್ತಿ ಮಸೆದದ್ದು. ಅಂಗಳ ತೊಳೆದದ್ದು. ಕುಚ್ಚಲಕ್ಕಿ ಒಲೆಗೆ ಇಟ್ಟದ್ದು. ಮತ್ತು ವಸುಂಧರಾ ಮೇಡಮಿಗೆ ಕಾಣೆ ಮೀನು ಇಲ್ಲ ಎಂದು ಹೇಳಿದ್ದು.

ಕೊನೆಯ ಕೆಲಸವನ್ನು ಎರಡು ವರ್ಷದಿಂದ ತಪ್ಪದೆ ಮಾಡಿಕೊಂಡು ಬಂದಿದ್ದೇನೆ. ಇನ್ನು ಮಾಡಲಿಕ್ಕಿಲ್ಲ. ಮೇಡಂ ಇವತ್ತು ಊರು ಬಿಟ್ಟರು.

ಮೀನಿನ ಕಿವಿರನ್ನು ಕೆಂಪು ಪೆನ್ನಿನ ಮುಚ್ಚಳದಿಂದ ಎತ್ತಿ ನೋಡುವವರನ್ನು ನಾನು ಅವರೊಬ್ಬರನ್ನೇ ಕಂಡದ್ದು. ದೇರೆಬೈಲಿನ ನಮ್ಮ ಓಣಿಯ ತುದಿಯ ಫ್ಲ್ಯಾಟಿನಲ್ಲಿದ್ದರು. ಪಾಠ ಮಾಡಲು ಕಾಲೇಜಿಗೆ ಹೊರಡುವ ಮೊದಲು ನಮ್ಮ ಅಂಗಳಕ್ಕೆ ಬಂದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಉತ್ತರಪತ್ರಿಕೆ ತಿದ್ದುವವರ ಹಾಗೆ ಒಂದೊಂದೇ ಮೀನು ನೋಡುತ್ತಿದ್ದರು. "ಇದು ಪಾಸು. ಇದು ಜಸ್ಟ್ ಪಾಸು. ಇದನ್ನ ಯಾಕ್ರೀ ತಂದ್ರಿ, ಇದು ಹೋದ ವರ್ಷದ ಬ್ಯಾಚು!" ಬೇರೆ ಗಿರಾಕಿಗಳು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆಗ ನಮ್ಮೊಳಗೆ ಎಂತದೂ ಇರಲಿಲ್ಲ.

ಅವರು ಘಟ್ಟದ ಮೇಲಿನವರು. ಮನೆಯೊಳಗೆ ಮೊಟ್ಟೆಯೂ ಬಾರದ ಕುಟುಂಬ. ಕೆಲಸ ಸಿಕ್ಕಿ ಇಲ್ಲಿಗೆ ಬಂದ ಹೊಸತರಲ್ಲಿ ಯಾರದೋ ಮನೆಯಲ್ಲಿ ರವೆ ಹಚ್ಚಿ ಎಣ್ಣೆಯಲ್ಲಿ ಕಾಯಿಸಿದ ಕಾಣೆ ತಿಂದರಂತೆ. "ಅವತ್ತು ಕೆಟ್ಟೆ ಕಣ್ರೀ ಪುಷ್ಪಾ, ಇವತ್ತಿನವರೆಗೆ ಸುಧಾರಿಸಿಲ್ಲ" ಎನ್ನುತ್ತಿದ್ದರು. ಮುಳ್ಳಿಗೆ ಹೆದರುವ ಹೆಂಗಸು. ಕಾಣೆಗಾದರೆ ನಡುವೆ ಒಂದು ಮುಳ್ಳು, ಎಳೆದರೆ ಪೂರ್ತಿ ಬರುತ್ತದೆ. "ಕಾಣೆ ಒಂದೇ ನೋಡಿ ಮರ್ಯಾದಸ್ಥ ಮೀನು. ಮುಚ್ಚುಮರೆ ಇಲ್ಲ." ಮದುವೆ ಆಗಿರಲಿಲ್ಲ. ಭಾನುವಾರ ತಾವೇ ಮಸಾಲೆ ಅರೆದು, ಕಿಟಕಿ ಎಲ್ಲ ಹಾಕಿ, ಒಬ್ಬರೇ ಕೂತು ತಿನ್ನುತ್ತಿದ್ದರು. ಊರಿಂದ ತಂಗಿ ಬರುವ ವಾರ ಮೀನಿನ ಬಾಣಲೆ ನಮ್ಮ ಮನೆಗೆ ಬರುತ್ತಿತ್ತು, ಅಡಗಿ ಕೂರಲು.

ಇಂಥವರು ನನ್ನ ಮಗಳ ದಾರಿಗೆ ಅಡ್ಡ ನಿಂತರು.

ದೀಕ್ಷಾ ಮೇಡಮಿನ ಕಾಲೇಜಿನಲ್ಲೇ ಬಿ.ಎ. ಓದುತ್ತಿದ್ದಳು. ಹೊಸ ಪದ್ಧತಿ ಬಂದಿತ್ತು. ಎರಡು ವರ್ಷ ಎರಡು ಸಬ್ಜೆಕ್ಟನ್ನೂ ಸಮ ಓದಬೇಕು. ಮೂರನೇ ವರ್ಷಕ್ಕೆ ಮೊದಲು ಮಕ್ಕಳೇ ಹೇಳಬೇಕು: ಎರಡನ್ನೂ ಮೇಜರ್ ಮಾಡಿ ಡಬಲ್ ಮೇಜರ್ ತೆಗೊಳ್ಳುವುದೋ, ಒಂದನ್ನು ಮೇಜರ್ ಇಟ್ಟು ಇನ್ನೊಂದನ್ನು ಮೈನರ್‌ಗೆ ಇಳಿಸುವುದೋ. ಅವಳದು ಇಕನಾಮಿಕ್ಸ್ ಮತ್ತು ಹಿಸ್ಟರಿ. ಅವಳಿಗೆ ಜೀವ ಹಿಸ್ಟರಿಯಲ್ಲಿ. ಹಳೇ ಬಂದರು, ಹಾಯಿಹಡಗು, ಯಾವ ಕಾಲದಲ್ಲಿ ಯಾರು ಇಲ್ಲಿಂದ ಅಕ್ಕಿ ತುಂಬಿಸಿದರು ಎಂಬುದನ್ನೆಲ್ಲ ಅವಳ ಅಜ್ಜನ ಹತ್ತಿರ ಕೂತು ಕೇಳಿ ಬೆಳೆದವಳು. ಎಂ.ಎ. ಅದರಲ್ಲೇ ಎಂದು ನಿಶ್ಚಯ ಮಾಡಿದ್ದಳು. ಇಕನಾಮಿಕ್ಸ್ ಕೆಲಸಕ್ಕೆ ಬೇಕು ಎಂದು ಅದನ್ನೂ ಬಿಡುವ ಮನಸ್ಸಿಲ್ಲ. ಹಾಗಾಗಿ ಡಬಲ್ ಮೇಜರ್.

ಇದನ್ನೆಲ್ಲ ನೋಡಿಕೊಳ್ಳುವ ಅಧಿಕಾರ ಕಾಲೇಜಿನಲ್ಲಿ ಇದ್ದದ್ದು ವಸುಂಧರಾ ಮೇಡಮಿಗೆ. ಡಬಲ್ ಮೇಜರ್ ಕೇಳಿದವಳು ಇವಳೊಬ್ಬಳೇ. ಮೂರನೇ ವರ್ಷಕ್ಕೆ ಎರಡು ಸಬ್ಜೆಕ್ಟಿನ ಕ್ಲಾಸು ಒಂದೇ ಹೊತ್ತಿಗೆ ಬೀಳುತ್ತಿತ್ತು. "ಮುಂದಿನ ವಾರ ಬಾ, ನೋಡೋಣ" ಎಂದರು. ಮುಂದಿನ ವಾರ ಹೋದರೆ, "ಕೊನೇ ದಿನ ಮುಗೀತಲ್ಲಮ್ಮ. ನಿನಗೆ ಇಕನಾಮಿಕ್ಸ್ ಮೇಜರ್ ಅಂತ ಬರೆದಾಯ್ತು, ಹಿಸ್ಟರಿ ಇನ್ನು ಮೈನರ್ ಮಾತ್ರ. ಮೈನರ್ ಸಾಕು ಬಿಡು, ಅದೂ ಹಿಸ್ಟರಿನೇ ಅಲ್ವಾ?" ಎಂದರು.

ಅವಳು ಅಳುತ್ತಾ ಬಂದಳು. ಮರುದಿನ ಸೀರೆ ಉಟ್ಟು ನಾನೇ ಹೋದೆ. ಅಂಗಳದಲ್ಲಿ "ಪುಷ್ಪಾ" ಎನ್ನುವವರು ಅಲ್ಲಿ "ಹೇಳಿ ಅಮ್ಮಾ" ಎಂದರು. ಕೂರಲಿಕ್ಕೆ ಹೇಳಲಿಲ್ಲ.

"ಮೇಡಂ, ಅವಳು ಕೊನೇ ದಿನಕ್ಕೆ ಮೊದಲೇ ಬಂದಿದ್ದಾಳಲ್ಲಾ. ನೀವೇ ಮುಂದಿನ ವಾರ ಬಾ ಅಂದದ್ದಂತೆ."

"ರೂಲ್ ಅಂದ್ರೆ ರೂಲ್ ಅಮ್ಮಾ. ಒಬ್ಬಳಿಗೋಸ್ಕರ ಟೈಮ್‌ಟೇಬಲ್ ಬದಲಾಯಿಸಕ್ಕಾಗತ್ತಾ? ನಿಮ್ಮಂಥ ಮನೇಲಿ ಡಿಗ್ರಿ ಆಗೋದೇ ದೊಡ್ಡದು. ಎರಡು ದೋಣಿ ಮೇಲೆ ಕಾಲಿಡಬಾರದು ಅಂತ ನಿಮಗೆ ನಾನು ಹೇಳಬೇಕಾ?"

ಪಕ್ಕದ ಮೇಜಿನಲ್ಲಿ ಯಾರೋ ನಕ್ಕರು.

ದೋಣಿಯ ಪಾಠ ನಮಗೆ! ಬಸ್ಸಿನಲ್ಲಿ ಬರುವಾಗ ನನ್ನ ಮಾವ, ದೀಕ್ಷಾಳ ಅಜ್ಜ, ಹೇಳುತ್ತಿದ್ದದ್ದು ನೆನಪಾಯಿತು. ಕಡಲಿಗೆ ದೊಡ್ಡ ಬಲೆ ಬಿಡಬೇಕಾದರೆ ದೊಡ್ಡ ದೋಣಿಯ ಜೊತೆ ಸಣ್ಣ ದೋಣಿಯೊಂದು ಹೋಗಲೇಬೇಕು. ಬಲೆಯ ಒಂದು ತಲೆ ಇದರಲ್ಲಿ, ಇನ್ನೊಂದು ತಲೆ ಅದರಲ್ಲಿ. "ಒಂದೇ ದೋಣಿಯಲ್ಲಿ ಹೋದವ ಗಾಳ ಹಾಕಬೇಕಷ್ಟೆ" ಎನ್ನುತ್ತಿದ್ದರು.

ಮೇಡಂ ಹೇಳಿದ್ದರಲ್ಲಿ ಒಂದು ಅಂತೂ ಸುಳ್ಳಾಯಿತು. ಮೈನರ್ ಸಾಕಾಗಲಿಲ್ಲ. ಎಂ.ಎ. ಹಿಸ್ಟರಿಗೆ ಅರ್ಜಿ ಹಾಕಿದಾಗ, ಅದನ್ನು ಮೇಜರ್ ಆಗಿ ಓದಿದವರಿಗೆ ಮಾತ್ರ ಎಂದು ತಿರುಗಿ ಬಂತು. ದೀಕ್ಷಾ ಈಗ ಬೈಕಂಪಾಡಿಯ ಒಂದು ಗೋದಾಮಿನ ಆಫೀಸಿನಲ್ಲಿ ಸರಕಿನ ಲೆಕ್ಕ ಬರೆಯುತ್ತಾಳೆ. ಸಂಜೆ ಬಂದು, ಹಿಸ್ಟರಿಗಾಗಿ ಮೊದಲಿನಿಂದ ಇನ್ನೊಂದು ಬಿ.ಎ. ಮನೆಯಲ್ಲೇ ಓದುತ್ತಿದ್ದಾಳೆ.

ನಾನು ಜಗಳ ಮಾಡುವವಳಲ್ಲ. ಕೆಟ್ಟ ಮೀನು ಕೊಟ್ಟು ಸೇಡು ತೀರಿಸುವ ಬುದ್ಧಿ ನಮ್ಮ ವ್ಯಾಪಾರಕ್ಕೆ ಹೇಳಿದ್ದಲ್ಲ. ಆದರೆ ನಮ್ಮಲ್ಲಿ ಒಂದು ಕ್ರಮ ಉಂಟು. ಒಳ್ಳೆ ಮೀನು ಬಂದರೆ ಖಾಯಂ ಗಿರಾಕಿಗೆ ಮೊದಲು ತಿಳಿಸಿ, ಎತ್ತಿಡುವುದು. ಕಾಣೆ ಬಂದ ದಿನ ಮೇಡಮಿಗೆ ತಿಳಿಸುವುದನ್ನು ನಿಲ್ಲಿಸಿದೆ. ಅವರು ಬರುವ ಮೊದಲು ಕಾಣೆಯ ಪೆಟ್ಟಿಗೆ ಅಡುಗೆಮನೆಗೆ ಹೋಗುತ್ತಿತ್ತು.

"ಇವತ್ತೂ ಕಾಣೆ ಇಲ್ವೇನ್ರೀ?"

"ಇಲ್ಲ ಮೇಡಂ. ಬಂಗುಡೆ ಉಂಟು. ಅದೂ ಮೀನೇ ಅಲ್ವಾ?"

ಬೇರೆ ಕಡೆ ತೆಗೆದುಕೊಳ್ಳಬಹುದಿತ್ತು. ಒಮ್ಮೆ ತೆಗೆದುಕೊಂಡು ಹೊಟ್ಟೆ ಕೆಟ್ಟು ಮೂಲೆ ಹಿಡಿದಿದ್ದರು. ಆಮೇಲೆ ನನ್ನ ಕೈಯ ಮೀನೇ ಆಗಬೇಕು. ಬಂಗುಡೆಯ ಮುಳ್ಳು ಬಿಡಿಸುತ್ತಾ ಅವರು ಕೂತಿರುವುದನ್ನು ನೆನೆಸಿಕೊಂಡರೆ ನನ್ನ ಊಟ ಒಂದು ತುತ್ತು ಜಾಸ್ತಿಯೇ ಇಳಿಯುತ್ತಿತ್ತು.

ಇವತ್ತು ಬಂದವರು ಕಿವಿರು ಎತ್ತಿ ನೋಡಲಿಲ್ಲ. ಕೆಂಪು ಪೆನ್ನೂ ಇರಲಿಲ್ಲ. ನಿವೃತ್ತಿ ಆಯಿತಂತೆ. ಮಧ್ಯಾಹ್ನ ಮೇಲೆ ಗಾಡಿ ಬರುತ್ತದೆ, ಇನ್ನು ಘಟ್ಟದ ಮೇಲೆ ತಂಗಿಯ ಮನೆಯಲ್ಲೇ ಇರುವುದಂತೆ.

"ಅಲ್ಲಿ ಮೀನಿನ ಹೆಸರೂ ಎತ್ತೋ ಹಾಗಿಲ್ಲ. ಕೊನೇ ಸಲ ಒಂದೆರಡು ಕಾಣೆ ತಿಂದು ಹೋಗೋಣ ಅಂತ ಬಂದೆ ಪುಷ್ಪಾ."

"ಕಾಣೆ ಇಲ್ಲ ಮೇಡಂ."

ಅವರು ನನ್ನ ಮುಂಗೈ ನೋಡಿದರು. ತೊಳೆದರೂ ಹೋಗದ ಮೀನಿನ ಹುರುಪೆ ಎರಡು ಅಲ್ಲಿ ಅಂಟಿಕೊಂಡು ಹೊಳೆಯುತ್ತಿದ್ದವು. ಇಷ್ಟು ವರ್ಷ ಮೀನು ನೋಡಿದವರಿಗೆ ಯಾವುದರ ಹುರುಪೆ ಎಂದು ಗೊತ್ತಾಗದೆ ಇರುತ್ತದಾ?

"ಅದು ಕಾಣೆದಲ್ವಾ?"

"ಹೌದು. ನೀವು ಬರುವಾಗ ತಡ ಆಯ್ತು. ಕೊನೇ ದಿನ ಮುಗೀತಲ್ಲಾ ಮೇಡಂ. ಇನ್ನು ಬಂಗುಡೆ ಮಾತ್ರ."

ಮೇಡಂ ಸೆರಗನ್ನು ಸೊಂಟದಿಂದ ಬಿಡಿಸಿದರು.

"ಹುಡುಗಿ ಈಗ ಏನ್ ಮಾಡ್ತಿದಾಳೆ?"

ಹೇಳಿದೆ. ಬೈಕಂಪಾಡಿ, ಗೋದಾಮು, ಇನ್ನೊಂದು ಬಿ.ಎ. ಎಲ್ಲ ಹೇಳಿದೆ.

"ನನ್ನದೊಂದು ಕ್ಲಾಸು ಮಧ್ಯಾಹ್ನಕ್ಕೆ ಹಾಕಿದ್ರೆ ಆಗ್ತಿತ್ತು" ಎಂದರು. "ಮಧ್ಯಾಹ್ನ ನಾನು ಮನೆಗೆ ಬರ್ತಿದ್ದೆ."

ಅಷ್ಟೇ. ಅಡುಗೆಮನೆಯಲ್ಲಿ ಪೆಟ್ಟಿಗೆ ತುಂಬ ಕಾಣೆ ಇತ್ತು. ಒಳಗೆ ಹೋಗಿ ತರಲಿಕ್ಕೆ ನನಗೆ ಎಷ್ಟು ಹೊತ್ತು ಬೇಕು? ತರಲಿಲ್ಲ. ಅವರು ಬಂಗುಡೆಯನ್ನೂ ತೆಗೆದುಕೊಳ್ಳದೆ ಓಣಿಯಲ್ಲಿ ನಡೆದು ಹೋದರು. ಬಾಣಲೆ ಅಡಗಿಸಲು ಬರುತ್ತಿದ್ದ ಅದೇ ಓಣಿ.

ಸಂಜೆ ದೀಕ್ಷಾ ಬಂದಳು. "ಮೇಡಂ ಹೋದ್ರಂತೆ, ಓಣಿಯಲ್ಲಿ ಹೇಳ್ತಿದ್ರು. ಕೊಟ್ಟಿಯಾ ಅಮ್ಮಾ?"

"ಎಂತ?"

"ಎಂತ ಅಂತ ನಿಂಗೆ ಗೊತ್ತುಂಟು."

"ಇಲ್ಲ."

ಅವಳು ನನ್ನ ಮುಖ ನೋಡಿ, ಕೈಕಾಲು ತೊಳೆಯಲು ಹೋದಳು.

ಊಟಕ್ಕೆ ಕುಚ್ಚಲಕ್ಕಿ ಅನ್ನ, ಹುರುಳಿ ಸಾರು, ರವೆ ಹಚ್ಚಿ ಕಾಯಿಸಿದ ಕಾಣೆ. ನಮ್ಮ ಮನೆಯವರು ಎರಡು ತಿಂದರು. ದೀಕ್ಷಾ ಒಂದು ತಿಂದು, ಇನ್ನೊಂದನ್ನು ಬಟ್ಟಲಿಗೆ ಹಾಕಿಕೊಂಡು ಪುಸ್ತಕದ ಹತ್ತಿರ ಹೋದಳು. ಮುಳ್ಳು ಎಳೆದರೆ ಪೂರ್ತಿ ಬಂತು. ದಿನಾ ನಮ್ಮಲ್ಲಿ ಮೊದಲು ಮಲಗುವುದು ಇವರು, ಬೆಳಿಗ್ಗೆ ದಕ್ಕೆಗೆ ಹೋಗಲಿಕ್ಕೆ ಉಂಟಲ್ಲ. ಇವತ್ತು ಮೊದಲು ಮಲಗುವುದು ನಾನು. ಒಳ್ಳೆ ನಿದ್ದೆ ಬರುತ್ತಾ ಉಂಟು.