ತೋಳದ ಹೆಸರಿನ ಸಿಸ್ಟರ್

ಕೂಸನ್ನು ಮುಟ್ಟುವ ಮೊದಲು ಆ ಸಿಸ್ಟರ್ ಎರಡೂ ಅಂಗೈಗಳನ್ನು ಕಂಕುಳಲ್ಲಿಟ್ಟುಕೊಂಡು ನಿಲ್ಲುತ್ತಿದ್ದರು. ತೊಳೆದು ತೊಳೆದು ಬಿರುಕುಬಿಟ್ಟ, ಗಂಡಸಿನಂಥ ದೊಡ್ಡ ಕೈಗಳು. ಅವು ಬೆಚ್ಚಗಾಗುವವರೆಗೆ ಡಾಕ್ಟರು ಕರೆದರೂ ಕದಲುತ್ತಿರಲಿಲ್ಲ. ನಾನು ಅವರನ್ನು ನೋಡಿದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಯುಎಇಯ ಅಲ್ ಐನ್‌ನ ಆಸ್ಪತ್ರೆಯೊಂದರ ದಿನ ತುಂಬದೆ ಹುಟ್ಟಿದ ಮಕ್ಕಳ ವಾರ್ಡಿನಲ್ಲಿ. ರೊಮೇನಿಯಾದವರು, ಐವತ್ತು ದಾಟಿತ್ತು. ನಗುವುದು ಕಡಿಮೆ, ಗದರುವುದು ಜಾಸ್ತಿ. ಅಳುವ ಅಪ್ಪಂದಿರನ್ನು ಕಂಡರೆ ಅವರಿಗಾಗದು. “ಯಲ್ಲಾ, ನಡೀರಿ, ಹೊರಗೆ ಹೋಗಿ ಅಳಿ, ಇಲ್ಲಿ ಮಕ್ಕಳು ಮಲಗಿದ್ದಾರೆ” ಅನ್ನುತ್ತಿದ್ದರು. ನನಗೂ ಒಮ್ಮೆ ಅಂದರು.

ನನ್ನ ಮಗಳು ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿದ್ದಳು. ಅವಳಿಗಿಂತ ಮೊದಲಿನ ಎರಡು ಮಕ್ಕಳನ್ನು ಹುಟ್ಟಿ ತಿಂಗಳು ತುಂಬುವ ಮೊದಲೇ ಕಳೆದುಕೊಂಡಿದ್ದೆವು. ನಾನು ಅಲ್ಲಿನ ಶಾಲೆಯೊಂದರಲ್ಲಿ ಗಣಿತದ ಮೇಷ್ಟ್ರು; ಶಾಸ್ತ್ರ ಗೀಸ್ತ್ರ ನಂಬುವವನಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದವನು. ಜನನ ಪತ್ರಕ್ಕೆ ಹೆಸರು ಬೇಕೆಂದಾಗ ಚಂದದ ಹೆಸರುಗಳ ಪಟ್ಟಿಯನ್ನೇ ಮಾಡಿಕೊಂಡು ಹೋದೆ. ಹೆಂಡತಿ ಅದನ್ನು ಕೈಯಲ್ಲೂ ಹಿಡಿಯಲಿಲ್ಲ.

“ಅವೆರಡಕ್ಕೂ ಚಂದದ ಹೆಸರೇ ಇಟ್ಟಿದ್ವಲ್ಲ, ಏನ್ ಬಂತು? ಇದು ಮೊದ್ಲು ಮನೆಗ್ ಬರ್ಲಿ.”

ಚಿತ್ರದುರ್ಗದಿಂದ ಅವ್ವ ಫೋನಿನಲ್ಲಿ, “ತಿಪ್ಪಮ್ಮ ಅಂತ ಇಟ್ಬಿಡೋ, ನಿನ್ನ ಉಳಿಸ್ಕಂಡಿದ್ದು ಹಂಗೇ ಅಲ್ವೇನೋ” ಅಂದಳು. ನಾನು ರೇಗಿ ಫೋನಿಟ್ಟೆ.

ಹಾಲು ಕುಡಿಸುವಾಗ ಪ್ರತಿ ಕೂಸನ್ನೂ ಹೆಸರು ಹಿಡಿದು ಕರೆಯುವುದು ಸಿಸ್ಟರ್ ಪದ್ಧತಿ. “ಮಿಸ್ಟರ್ ಸ್ವಾಮಿ, ಇವಳನ್ನು ಏನೆಂದು ಕರೆಯಲಿ?” ಎಂದು ದಿನಾ ಪೀಡಿಸುತ್ತಿದ್ದರು. ಕೂಸಿನ ಉಸಿರು ನಿಂತು ನಿಂತು ಬರತೊಡಗಿದ ದಿನ, ಹೆಂಡತಿ ತನಗೆ ಬರುವಷ್ಟು ಇಂಗ್ಲಿಷಿನಲ್ಲಿ ತನ್ನ ಹೆದರಿಕೆಯನ್ನು ಅವರಿಗೆ ಬಿಡಿಸಿ ಹೇಳಿದಳು. ನಾನು ನಾಚಿಕೆಯಿಂದ ಗೋಡೆ ನೋಡಿದೆ. ಸಿಸ್ಟರ್ ಕುರ್ಚಿ ಎಳೆದುಕೊಂಡು ಕೂತರು.

“ಪಾಸ್‌ಪೋರ್ಟಿನಲ್ಲಿರುವುದು ನನ್ನ ಚರ್ಚಿನ ಹೆಸರು. ಊರಲ್ಲಿ ನಾನು ಲೂಪಾ. ನಮ್ಮ ಭಾಷೆಯಲ್ಲಿ ಲೂಪ್ ಅಂದರೆ ತೋಳ. ನನಗಿಂತ ಮೊದಲಿನ ಮೂವರು ಉಳಿಯಲಿಲ್ಲ. ನನಗೂ ಜ್ವರ ಬಂದಾಗ ಅಮ್ಮ ನನ್ನನ್ನು ಕಿಟಕಿಯಿಂದ ಪಕ್ಕದ ಮನೆಯವಳಿಗೆ ಮಾರಿದಳು, ಒಂದು ನಾಣ್ಯಕ್ಕೆ. ಅವಳು ಈ ಹೆಸರಿಟ್ಟು ಬಾಗಿಲಿಂದ ವಾಪಸು ತಂದುಕೊಟ್ಟಳು. ಸಾವು ಹಳೆಯ ಹೆಸರು ಹಿಡಿದು ಹುಡುಕಿಕೊಂಡು ಬಂದರೆ ಆ ಮಗು ಮನೆಯಲ್ಲಿಲ್ಲ. ಇರುವುದು ತೋಳ. ತೋಳದ ಹತ್ತಿರ ಯಾರು ಬರುತ್ತಾರೆ?”

ಪರದೇಶದಲ್ಲಿ ಮೊದಲ ಸಲ ನನ್ನ ಪೂರ್ತಿ ಹೆಸರನ್ನೂ ಅದರ ಅರ್ಥವನ್ನೂ ನಾನು ಹೇಳಿದ್ದು ಆಗಲೇ. ತಿಪ್ಪೇಸ್ವಾಮಿ. ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ, ಯಾರೋ ಬಿಸಾಡಿದ್ದನ್ನು ಎತ್ತಿ ತಂದಂತೆ ಮಾಡಿ ಅವ್ವ ಇಟ್ಟ ಹೆಸರದು. ಅದರ ಮೊದಲರ್ಧವನ್ನು ನುಂಗಿಕೊಂಡೇ ಸ್ಟಾಫ್ ರೂಮಿನಲ್ಲಿ ಅಷ್ಟು ವರ್ಷ ಮರ್ಯಾದೆಯಿಂದಿದ್ದೆ. ಸಿಸ್ಟರ್ ನನ್ನನ್ನು ಮೇಲಿಂದ ಕೆಳಗೆ ನೋಡಿ, “ನೀವು ಬದುಕಿದ್ದೀರಲ್ಲ” ಅಂದರು, ಅಷ್ಟೆ.

ಆಮೇಲೆ ಜೇಬಿನಿಂದ ಒಂದು ದಿರ್ಹಮ್ ನಾಣ್ಯ ತೆಗೆದು ಹೆಂಡತಿಯ ಕೈಗಿಟ್ಟರು. ಕೈ ತೊಳೆದು ಬಂದು, ಅಂಗೈ ಬೆಚ್ಚಗೆ ಮಾಡಿಕೊಂಡು, ಗಾಜಿನ ಪೆಟ್ಟಿಗೆಯ ದುಂಡು ಕಿಂಡಿಯಲ್ಲಿ ತೂರಿಸಿ ಕೂಸನ್ನು ಎತ್ತಿ ಹಿಡಿದರು. “ಖಲಾಸ್, ವ್ಯಾಪಾರ ಮುಗಿಯಿತು. ಇವಳು ನನ್ನವಳು, ಲೂಪಾ. ನೀವು ಸಾಕಿಕೊಡಿ.” ಹೆಂಡತಿ ಆ ದಿನ ಕ್ಯಾಂಟೀನಿನಲ್ಲಿ ಹೊಟ್ಟೆ ತುಂಬ ಉಂಡಳು.

ಮಗುವನ್ನು ಉಳಿಸಿದ್ದು ಔಷಧಿ ಮತ್ತು ಆ ಕೈಗಳು, ಹೆಸರಲ್ಲ ಎಂದು ಈಗಲೂ ವಾದಿಸುತ್ತೇನೆ. ಆದರೆ ಜನನ ಪತ್ರದಲ್ಲಿ ಬೇರೆ ಹೆಸರು ಬರೆಸುವ ಧೈರ್ಯ ಮಾಡಲಿಲ್ಲ. ಆಗೊಂದು ಈಗೊಂದು ಶುಕ್ರವಾರ ಸಿಸ್ಟರ್ ಮನೆಗೆ ಬಂದು, ಚಿತ್ರಾನ್ನದ ಮೆಣಸಿನಕಾಯಿಗಳನ್ನು ತಟ್ಟೆಯ ಅಂಚಿಗೆ ಸಾಲಾಗಿ ಇಟ್ಟು, ಮಗಳ ತೂಕ ಸಾಲದೆಂದು ನಮ್ಮನ್ನು ಗದರಿ ಹೋಗುತ್ತಿದ್ದರು. ಕೆಲಸದ ಅವಧಿ ಮುಗಿದ ಮೇಲೆ ತಮ್ಮ ದೇಶಕ್ಕೆ ಮರಳಿದರು.

ಮಗಳು ಮೂರನೇ ಕ್ಲಾಸಿನಲ್ಲಿದ್ದಾಗ ಆ ವಾರ್ಡಿನ ಮಲಯಾಳಿ ನರ್ಸ್ ಫೋನ್ ಮಾಡಿ, ಸಿಸ್ಟರ್ ಊರಿನಲ್ಲಿ ತೀರಿಕೊಂಡರೆಂದು ತಿಳಿಸಿದರು. ಹೆಂಡತಿ ಒಲೆ ಆರಿಸಿ, ಶಾಲೆಯಿಂದ ಬಂದ ಮಗಳನ್ನು ಬಾಗಿಲಲ್ಲೇ ತಡೆದಳು.

“ಸಿಸ್ಟರ್ ತೀರ್ಕಂಡ್ರಂತೆ. ಬ್ಯಾಗ್ ಅಲ್ಲೇ ಇಟ್ಟು ಹೋಗಿ ತಲೆಗೆ ನೀರು ಹಾಕ್ಕೋ.”

“ವೈ, ಅಮ್ಮಾ? ಶಿ ಈಸ್ ನಾಟ್ ಅವರ್ ರಿಲೇಟಿವ್.”

“ನಮಗಲ್ಲ, ನಿನಗೆ. ನಿನ್ನ ಕೊಂಡ್ಕಂಡಿದ್ದು ಅವ್ರು ಕಣೇ. ನಮಗೆ ಕೊಟ್ಟಿದ್ದು ಸಾಕೋಕೆ.”

ನಾನು ಎದ್ದು ಹೋಗಿ ಮಗಳಿಗೆ ಟವೆಲ್ ತಂದುಕೊಟ್ಟೆ. ಅವಳಾದ ಮೇಲೆ ನಾನೂ ತಲೆಗೆ ನೀರು ಹಾಕಿಕೊಂಡೆ.