ಅವರ ಕೈಗೆ ಕೊಡದ ಕಾಲು

ಇವತ್ತು ಬೆಳಿಗ್ಗೆ ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ಸೇವಂತಿಗೆ ಕೊಂಡಾಗ ಹೂವಿನವಳು ಕೊಸರಿಗೆಂದು ಒಂದು ಹಿಡಿ ಮರುಗ ಹಾಕಿಕೊಟ್ಟಳು. ಕೆಲಸಕ್ಕೆ ಬಂದು ಚೀಲ ಬಿಚ್ಚಿದ್ದೇ ತಡ, ಕೋಣೆ ತುಂಬ ಅದರ ವಾಸನೆ. ನನ್ನ ಜೊತೆ ಇಲ್ಲಿ ಕೆಲಸ ಮಾಡುತ್ತಿದ್ದ ಆಂಟಿಯೇ ಬಂದು ಮೂಲೆಯ ಗಿಡ್ಡ ಸ್ಟೂಲಿನ ಮೇಲೆ ಕೂತ ಹಾಗಾಯಿತು. ಅವರು ತೀರಿಕೊಂಡು ಎರಡು ವರ್ಷವಾಯಿತು. ನನ್ನ ಹೊಟ್ಟೆಕಿಚ್ಚು ಮಾತ್ರ ಇನ್ನೂ ಪೂರ್ತಿ ಆರಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನನ್ನದು ಪಾದ ಒತ್ತುವ ಕೆಲಸ. ಬೋರ್ಡಿನಲ್ಲಿ ರಿಫ್ಲೆಕ್ಸಾಲಜಿ ಎಂದಿದೆ. ಅಂಗಾಲಿನ ಒಂದೊಂದು ಜಾಗಕ್ಕೂ ದೇಹದ ಒಂದೊಂದು ಭಾಗಕ್ಕೂ ನಂಟಿದೆ ಎಂದು ನಮಗೆ ಕಲಿಸಿದ್ದಾರೆ; ಹೆಬ್ಬೆರಳು ತಲೆಗೆ, ನಡುವಿನ ತಗ್ಗು ಹೊಟ್ಟೆಗೆ. ಕಾಯಿಲೆ ವಾಸಿಮಾಡುತ್ತೇವೆಂದು ನಾವು ಹೇಳುವುದಿಲ್ಲ, ಡಾಕ್ಟರು ಕೊಟ್ಟ ಮಾತ್ರೆ ಬಿಡಿ ಎಂದೂ ಹೇಳುವುದಿಲ್ಲ. ಬಂದವರು ಮುಕ್ಕಾಲು ಗಂಟೆ ಒರಗಿ ಕೂತು, ಮೈ ಹಗುರಾಯಿತು ಎಂದು ಎದ್ದು ಹೋದರೆ ಸಾಕು.

ಆಂಟಿಯೂ ನಾನೂ ಐದು ವರ್ಷ ಒಂದೇ ಕೋಣೆಯಲ್ಲಿ ಕೆಲಸ ಮಾಡಿದೆವು. ನಡುವೆ ಒಂದು ಪರದೆ. ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ವೈಯಾಲಿಕಾವಲ್‌ನಿಂದ ನಡೆದೇ ಬರುತ್ತಿದ್ದರು. ನನ್ನ ಸರ್ಟಿಫಿಕೇಟು ಕಟ್ಟು ಹಾಕಿಸಿಕೊಂಡು ಗೋಡೆಯ ಮೇಲಿತ್ತು. ಅವರದು ಎಲ್ಲಿತ್ತೋ... ನಾನು ನೋಡಲೇ ಇಲ್ಲ.

ನನ್ನ ಹತ್ತಿರ ವಾರವಾರ ಬರುತ್ತಿದ್ದವರಲ್ಲಿ ಒಬ್ಬರು ನಿವೃತ್ತ ಹೆಡ್‌ಮಿಸ್ಟ್ರೆಸ್. ಅವರು ನನ್ನ ಹೆಮ್ಮೆ. ಒಮ್ಮೆ ನನಗೆ ಜ್ವರ ಬಂದು ಒಂದು ವಾರ ರಜ ಹಾಕಿದೆ. ತಿರುಗಿ ಬಂದರೆ ಹೆಡ್‌ಮಿಸ್ಟ್ರೆಸ್ ಪರದೆಯ ಆಚೆ ಕೂತಿದ್ದರು. ಮುಂದಿನ ವಾರವೂ ಅಲ್ಲೇ. ಮೂರನೆಯ ವಾರ ಅವರ ಗೊರಕೆ ಕೇಳಿತು. ಮೂರು ವರ್ಷ ನನ್ನ ಕೈಲಿ ಒಮ್ಮೆಯೂ ಕಣ್ಣು ಮುಚ್ಚದ ಹೆಂಗಸು! ನನ್ನ ಮೈಯೆಲ್ಲ ಉರಿದುಹೋಯಿತು.

ತಡೆಯಲಾರದೆ ಕೇಳಿಯೇಬಿಟ್ಟೆ, "ನನ್ನ ಕೈಯಲ್ಲಿ ಏನು ಕಮ್ಮಿಯಾಯ್ತು ಮೇಡಂ?"

"ಕೈಯಲ್ಲಿ ಏನಿಲ್ಲಮ್ಮ. ನೀನು ಇದು ಕಿಡ್ನಿ, ಇದು ಲಿವರ್ರು ಅಂತ ಹೇಳ್ತಾನೇ ಇರ್ತೀಯ. ಅವರು ಏನೂ ಹೇಳಲ್ಲ ನೋಡು, ನಿದ್ದೆ ಬಂದ್ಬಿಡುತ್ತೆ."

ಆಮೇಲೆ ನಾನು ಪರದೆಯ ಸಂದಿಯಿಂದ ಕದ್ದು ನೋಡತೊಡಗಿದೆ. ಅವರು ಬೆಚ್ಚನೆಯ ಉಪ್ಪುನೀರಿಗೆ ನಾಲ್ಕು ಎಸಳು ಮರುಗ ಹಾಕುತ್ತಿದ್ದರು. ಹಳೆಯ ಸೀರೆಯ ತುಂಡಿನಿಂದ ಬೆರಳ ಸಂದಿ ಸಂದಿಯನ್ನೂ ಒರೆಸುತ್ತಿದ್ದರು. ಆಮೇಲೆ ಎರಡೂ ಹಿಮ್ಮಡಿಗಳನ್ನು ಅಂಗೈಯಲ್ಲಿ ಹಿಡಿದು, ಒತ್ತದೆ, ಸುಮ್ಮನೆ ಕೂತುಬಿಡುತ್ತಿದ್ದರು. ಇಷ್ಟೇ ತಾನೆ ಎಂದುಕೊಂಡು ನಾನೂ ಮರುಗ ತಂದೆ, ಬಾಯಿ ಮುಚ್ಚಿಕೊಂಡೆ, ಹಿಮ್ಮಡಿ ಹಿಡಿದು ಕೂತೆ. ನನ್ನ ಗಿರಾಕಿ ಒಂದು ಕಣ್ಣು ತೆರೆದು, "ಏನಾದ್ರೂ ಮರೆತ್ರಾ?" ಎಂದರು.

ಆಂಟಿಗೆ ನನ್ನ ಮೇಲೆ ಯಾವ ಮುನಿಸೂ ಇರಲಿಲ್ಲ. ಅದೇ ನನಗೆ ಇನ್ನಷ್ಟು ಸಿಟ್ಟು. ಮಧ್ಯಾಹ್ನ ಗಿರಾಕಿ ಇಲ್ಲದಾಗ ಕರೆಯುತ್ತಿದ್ದರು, "ಬಾಮ್ಮ, ಕೂತ್ಕೋ. ನಿನ್ನ ಕಾಲೂ ಒಂದ್ಸಲ ನೋಡ್ತೀನಿ."

"ಅಯ್ಯೋ ಬೇಡಿ ಆಂಟಿ. ದೊಡ್ಡೋರ ಕೈಲಿ ಕಾಲು ಮುಟ್ಟಿಸ್ಕೊಂಡ್ರೆ ಪಾಪ ಬರುತ್ತೆ" ಎನ್ನುತ್ತಿದ್ದೆ.

ಪಾಪವೂ ಇಲ್ಲ, ಮಣ್ಣೂ ಇಲ್ಲ. ನನ್ನ ಅರ್ಧ ವಯಸ್ಸಿನ ಹುಡುಗಿಯರ ಕಾಲನ್ನೂ ಅವರು ದಿನಾ ಒತ್ತುತ್ತಿದ್ದರು. ನನಗಿದ್ದದ್ದು ಬೇರೆಯೇ ಭಯ. ಆ ಕುರ್ಚಿಯಲ್ಲಿ ಕೂತು ನನಗೂ ನಿದ್ದೆ ಬಂದುಬಿಟ್ಟರೆ? ಅವರ ಕೈ ನನ್ನ ಕೈಗಿಂತ ಮೇಲು ಎಂದು ನನ್ನ ಕಾಲೇ ಒಪ್ಪಿಕೊಂಡುಬಿಟ್ಟರೆ? ಅವರಾದರೋ ನನ್ನ ಮಾತನ್ನು ನಂಬಿ, "ಎಷ್ಟು ಸಂಸ್ಕಾರ ಈ ಹುಡುಗಿಗೆ" ಎಂದು ಬಂದವರಿಗೆಲ್ಲ ಹೇಳಿಕೊಂಡು ತಿರುಗಿದರು. ನಾನು ಆ ಹೊಗಳಿಕೆಯನ್ನೂ ನಾಚಿಕೆಯಿಲ್ಲದೆ ತೆಗೆದುಕೊಂಡೆ.

ಬರಬರುತ್ತಾ ಅವರ ಹೆಬ್ಬೆರಳಿನ ಗಂಟು ಊದತೊಡಗಿತು. ಒತ್ತಲು ಆಗದೆ ಕೆಲಸ ಬಿಟ್ಟರು. ಕೊನೆಯ ದಿನ ಟಬ್ಬಿನಲ್ಲಿ ನೀರು ತುಂಬಿ, ಮರುಗ ಹಾಕಿ, ಕುರ್ಚಿಯನ್ನು ತಾವೇ ಎಳೆದಿಟ್ಟು, "ಇವತ್ತಾದ್ರೂ ಕೊಡಮ್ಮ ಕಾಲು" ಎಂದರು. ನಾನು ಅದೇ ಪಾಪದ ಮಾತು ಹೇಳಿದೆ. ಅವರು ನಕ್ಕು, ನೀರನ್ನು ಬಚ್ಚಲಿಗೆ ಚೆಲ್ಲಿ, ಟಬ್ಬು ತೊಳೆದು ಬೋರಲು ಹಾಕಿ ಹೋದರು. ಆ ದಿನ ನನಗೆ ಒಳಗೊಳಗೇ ಖುಷಿಯಾಗಿತ್ತು ಎನ್ನುವುದನ್ನು ಮುಚ್ಚಿಡುವುದಿಲ್ಲ. ಹೆಡ್‌ಮಿಸ್ಟ್ರೆಸ್ ಮತ್ತೆ ನನ್ನ ಪಾಲಿಗೆ ಬಂದರು. ನಿದ್ದೆ ಮಾತ್ರ ಮಾಡಲಿಲ್ಲ.

ಆಂಟಿಯ ಸಾವಿನ ಸುದ್ದಿ ತಂದವರೂ ಹೆಡ್‌ಮಿಸ್ಟ್ರೆಸ್ಸೇ. ಟಬ್ಬಿನಲ್ಲಿ ಕಾಲಿಟ್ಟುಕೊಂಡು ಹೇಳಿದರು. ನಾನು ತಲೆ ಬಗ್ಗಿಸಿ ತೊಳೆಯುತ್ತಿದ್ದೆ. ಒರೆಸಲು ಕಾಲು ಎತ್ತಿಕೊಡುತ್ತಾ ಅವರು ಕೇಳಿದರು, "ಎಲ್ಲರ ಕಾಲೂ ಒತ್ತಿದ್ರು. ಅವರ ಕಾಲು ಯಾರು ಒತ್ತಿದ್ರಮ್ಮ?"

ದೊಡ್ಡವರ ಕಾಲನ್ನು ಚಿಕ್ಕವರು ಒತ್ತಬಹುದಲ್ಲ. ಅದಕ್ಕೆ ಯಾವ ಪಾಪವೂ ಅಡ್ಡ ಬರುತ್ತಿರಲಿಲ್ಲ. ಐದು ವರ್ಷ ದಿನವೂ ವೈಯಾಲಿಕಾವಲ್‌ನಿಂದ ನಡೆದು ಬಂದ ಆ ಕಾಲುಗಳು ಪರದೆಯ ಆಚೆಗೇ ಇದ್ದವು. ನಾನು ಅವರ ಕೈಯನ್ನೇ ನೋಡುತ್ತಿದ್ದೆ.

ಇವತ್ತು ಮೊದಲ ಗಿರಾಕಿ ಬರುವ ಮುಂಚೆ ಬೆಚ್ಚನೆಯ ನೀರಿಗೆ ಉಪ್ಪು ಹಾಕಿ, ಮರುಗ ಹಾಕಿ, ನನ್ನ ಕಾಲನ್ನೇ ಇಳಿಬಿಟ್ಟೆ. ಬೆರಳ ಸಂದಿ ಸಂದಿಯನ್ನೂ ಒರೆಸಿಕೊಂಡೆ. ಆಮೇಲೆ ಬಗ್ಗಿ, ನನ್ನ ಹಿಮ್ಮಡಿಗಳನ್ನು ನಾನೇ ಹಿಡಿದುಕೊಂಡು ಸುಮ್ಮನೆ ಕೂತೆ. ಸೊಂಟ ನೋಯಿತು. ನಿದ್ದೆ ಬರಲಿಲ್ಲ.